ಪೇಟಿ ಮಾಸ್ತರರ ಚುಕ್ಕಿಗಳು

ಇವತ್ತು ಬೆಳಿಗ್ಗೆ ಅಂಗಡಿಯ ಅಟ್ಟದಿಂದ ಹಳೆಯ ಕೀಬೋರ್ಡ್ ಒಂದನ್ನು ಇಳಿಸಿ, ಟೇಬಲ್ಲಿನ ಮೇಲೆ ಬೋರಲು ಹಾಕಿ ತಟ್ಟಿದೆ. ಕೆಂಪು ಧೂಳು ಉದುರಿತು. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಒಂದರ ಹಿಂದೊಂದು ಓಡುತ್ತಿದ್ದ ಕಾಲದ ಧೂಳು ಅದು. ಆಗ ಹೊಸಪೇಟೆಯಲ್ಲಿ ಮುಚ್ಚಿಟ್ಟ ಉಪ್ಪಿನ ಡಬ್ಬಿಯೊಳಗೂ ಹೊಗುತ್ತಿತ್ತು. ಕೀಬೋರ್ಡ್ ತಿರುಗಿಸಿ ನೋಡಿದರೆ ನನ್ನ ನೇಲ್ ಪಾಲಿಶಿನ ಚುಕ್ಕಿಗಳು ಇನ್ನೂ ಇದ್ದವು. ಕೆಳಗಿನ ಸಾಲಿನ ಏಳು ಕೀಗಳಿಗೆ ಬುಡದಲ್ಲಿ ಒಂದೊಂದು, ಮೇಲಿನ ಸಾಲಿನ ಏಳಕ್ಕೆ ನೆತ್ತಿಯಲ್ಲಿ ಒಂದೊಂದು. ನಡುವಿನ ಸಾಲಿಗೆ ಏನೂ ಇಲ್ಲ. ಅದನ್ನು ನೋಡಿ ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಇಷ್ಟು ವರ್ಷವಾದರೂ ಮೊದಲು ಬರುವುದು ಅದೇ.

ಅಟ್ಟ ಹತ್ತಿಸಿದ್ದು ಕಮಲಾಪುರದ ಶಾಲೆಯ ಟೀಚರೊಬ್ಬರು. ಒಂದು ಹಾಡಿನ ಸ್ವರಗಳಿರುವ ಜೆರಾಕ್ಸ್ ಹಾಳೆ ತಂದು, ಇದನ್ನು ಗೋಡೆಗೆ ಅಂಟಿಸುವಂತೆ ದೊಡ್ಡದಾಗಿ ಮಾಡಿಕೊಡಿ, ಮಕ್ಕಳಿಗೆ ಸ್ಪರ್ಧೆ ಇದೆ ಎಂದರು. ಹಾಳೆ ನೋಡಿದ ಕೂಡಲೇ ಗೊತ್ತಾಯಿತು, ಯಾವ ಪುಸ್ತಕದ್ದು ಅಂತ. ಸಂಜೆ ಬನ್ನಿ ಎಂದು ಕಳಿಸಿದೆ. ಆಮೇಲೆ ಏಣಿ ಹಾಕಿದೆ.

ಆ ಕೀಬೋರ್ಡ್ ನನ್ನ ಅಂಗಡಿಯದೇ ಆದರೂ ಅದರ ಯಜಮಾನರು ಬೇರೆ. ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಮುದುಕರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ, ಅದನ್ನು ನುಡಿಸುವವರು ಪೇಟಿ ಮಾಸ್ತರು. ಊರೂರಿಗೆ ಟೆಂಟು ಹಾಕುವ ನಾಟಕ ಕಂಪನಿಗಳಲ್ಲಿ ಜೀವಮಾನವೆಲ್ಲ ಪೇಟಿ ಹಿಡಿದು ಕೂತವರು ಅವರು. ಕಂಪನಿಗಳು ಮುಚ್ಚಿದ ಮೇಲೆ ಊರಿಗೆ ಬಂದರು. ಬಂದ ಕೆಲವೇ ವರ್ಷಕ್ಕೆ ಕೈ ನಡುಗಲು ಶುರುವಾಯಿತು. ಬೆರಳು ಪೇಟಿಯ ಮನೆಯಿಂದ ಮನೆಗೆ, ಅಂದರೆ ಕೀಯಿಂದ ಕೀಗೆ, ಓಡುವುದನ್ನು ಬಿಟ್ಟಿತು. ಅವರ ತಲೆಯಲ್ಲಿದ್ದ ಹಾಡುಗಳು ಮಾತ್ರ ಅಲ್ಲೇ ಇದ್ದವು. ಕಂಪನಿಯ ನೋಟ್‌ಬುಕ್ಕುಗಳಲ್ಲಿ ಬರೀ ಹಾಡಿನ ಮಾತು ಇರುತ್ತಿತ್ತಂತೆ. ಧಾಟಿಯನ್ನು ಯಾರೂ ಬರೆದಿಟ್ಟವರಲ್ಲ. ಮಾಸ್ತರರಿದ್ದರೆ ಧಾಟಿ ಇದೆ, ಅಷ್ಟೇ ಲೆಕ್ಕ.

ಮೊದಲ ಸಲ ಬಂದಾಗ ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆ. ಹಿಂಬದಿಗೆ ಪೆನ್ಸಿಲ್ಲಿನಲ್ಲಿ, ರಾಣಿಯೊಬ್ಬಳು ಅಳುವ ಹಾಡಿನ ಸ ರಿ ಗ ಮ ಬರೆದಿದ್ದರು. ನಡುಗುವ ಕೈಯ ಅಕ್ಷರ ಓದುವುದೇ ಕಷ್ಟ. ಅದರ ಮೇಲೆ ಚುಕ್ಕಿಗಳು ಬೇರೆ. ಸ್ವರದ ಕೆಳಗೆ ಚುಕ್ಕಿ ಇದ್ದರೆ ತಗ್ಗಿನ ದನಿ, ಅದು ಮಂದ್ರ. ಮೇಲೆ ಇದ್ದರೆ ಏರುದನಿ, ತಾರ. ಚುಕ್ಕಿ ಇಲ್ಲದ್ದು ನಡುವಿನದು. ಇದೆಲ್ಲ ನನಗೆ ಆಗ ಏನು ಗೊತ್ತು? ನಾನು ಮದುವೆ ಕಾರ್ಡು, ಅಫಿಡವಿಟ್ಟು, ಬಾಡಿಗೆ ಕರಾರು ಟೈಪು ಮಾಡಿಕೊಂಡಿದ್ದವಳು. ಪ್ರತಿ ಚುಕ್ಕಿಗೂ ಸಿಂಬಲ್ಲುಗಳ ಪಟ್ಟಿ ತೆರೆದು, ಹುಡುಕಿ, ತಂದು ಕೂರಿಸಬೇಕು. ಒಂದು ಸಾಲಿಗೆ ಅರ್ಧ ಗಂಟೆ ಹಿಡಿಯಿತು, ಅದರಲ್ಲೂ ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದ ಅವರಿಗೆ ತಡೆಯಲಾಗಲಿಲ್ಲ.

“ಯವ್ವಾ, ಅಳೋ ರಾಣೀನ ಮಾಳಿಗಿ ಮ್ಯಾಲ ಹತ್ತಿಸಿ ಕೂಗಸ್ತೀಯಲ್ಲ! ಇಳಿಸು ಆಕೀನ ಕೆಳಗ!” ಎಂದರು.

ನನಗೆ ರೇಗಿತು. “ಮಾಸ್ತರ, ಕೀಬೋರ್ಡಿನಾಗ ನಿಮ್ಮ ಚುಕ್ಕಿ ಇಲ್ರಿ, ನಾ ಏನ್ ಮಾಡ್ಲಿ? ಬರ್ರಿ ನೀವೇ ಕುಂದ್ರಿ,” ಎಂದೆ. ಬಾಯಿಮಾತಿಗೆ ಅಂದದ್ದು. ಅವರು ನಿಜವಾಗಿಯೂ ಎದ್ದು ಬಂದು ಕೂತರು.

ಕೂತು ಏನನ್ನೂ ಒತ್ತಲಿಲ್ಲ. ಕೀಬೋರ್ಡಿನ ಮೇಲೆ ಬಾಗಿ, ಕೆಳಗಿನ ಸಾಲನ್ನು ಒಂದೊಂದಾಗಿ ಮುಟ್ಟುತ್ತ ಎಣಿಸಿದರು. ಜಡ್‌ನಿಂದ ಎಂ ವರೆಗೆ ಏಳು. ಮತ್ತೆ ಎಣಿಸಿದರು. ಏಳೇ. ಅದರ ಮೇಲಿನ ಸಾಲಿನಲ್ಲಿ ಎ ಇಂದ ಶುರು ಮಾಡಿ ಏಳು ಮುಟ್ಟಿದರೆ ಜೆ. ಅದರ ಮೇಲೆ ಕ್ಯೂ ಇಂದ ಏಳು ಎಣಿಸಿದರೆ ಯು. ತಲೆ ಎತ್ತಿ ನನ್ನ ಮುಖ ನೋಡಿದರು.

“ಮೂರು ಸಪ್ತಕ ಇಲ್ಲೇ ಅದಾವಲ್ಲೇ! ಕೆಳಗ ಮಂದ್ರ, ನಡುವ ಮಧ್ಯ, ಮ್ಯಾಲ ತಾರ. ಈ ಇಂಗ್ಲಿಷ್ ಅಕ್ಷರ ತೆಗದು ನನ್ನ ಸ್ವರ ಕುಂದ್ರಸಾಕ ಬರತೈತೇನು?”

ಹತ್ತು ಬೆರಳೂ ಸವೆಯುವಷ್ಟು ಆ ಕೀಬೋರ್ಡ್ ಕುಟ್ಟಿದವಳು ನಾನು. ಒಂದು ದಿನವೂ ಆ ಏಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬರುತ್ತಿತ್ತು. ಕೀಬೋರ್ಡಿನ ಯಾವ ಕೀ ಒತ್ತಿದರೆ ಯಾವ ಗುರುತು ಬೀಳಬೇಕು ಎಂದು ನಮಗೆ ಬೇಕಾದಂತೆ ಜೋಡಿಸಿಕೊಳ್ಳುವ ಒಂದು ಸಾಫ್ಟ್‌ವೇರ್ ಇತ್ತು. ರೂಪಾಯಿ ಗುರುತು, ಓಂಕಾರ ಇಂಥವನ್ನು ಒಂದೇ ಏಟಿಗೆ ಹಾಕಲು ನಾನೂ ಒಂದೆರಡು ಸಲ ಬಳಸಿದ್ದೆ. ಪರದೆಯ ಮೇಲೆ ಕೀಬೋರ್ಡಿನ ಚಿತ್ರ ಬರುತ್ತದೆ. ಒಂದು ಕೀ ಆರಿಸಿ, ಅದಕ್ಕೆ ಗುರುತು ಕೊಟ್ಟು, ಮುಂದಿನದಕ್ಕೆ ಹೋಗುವುದು. ಮಾಸ್ತರರ ಚುಕ್ಕಿ ನನಗೆ ಬೇಕಾದ ಜಾಗದಲ್ಲಿ ನಿಲ್ಲುವಂಥದ್ದು ಯಾವ ಫಾಂಟಿನಲ್ಲೂ ಇರಲಿಲ್ಲ. ಹಾಗಾಗಿ ಫಾಂಟು ಬರೆಯುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಚುಕ್ಕಿಗಳನ್ನು ನಾನೇ ಬರೆದು ಸೇರಿಸಿದೆ. ಒಂದು ಕೀ ಒತ್ತಿದರೆ ಮೊದಲು ಅಕ್ಷರ ಬೀಳಬೇಕು, ಅದರ ಬೆನ್ನಿಗೇ ಚುಕ್ಕಿ ಬಂದು ಕೂರಬೇಕು. ಶಿಫ್ಟ್ ಹಿಡಿದು ಒತ್ತಿದರೆ ಕೋಮಲ ಸ್ವರ, ಅಂದರೆ ಅಕ್ಷರದ ಅಡಿಗೆ ಒಂದು ಗೆರೆ. ಮ ಒಂದು ಮಾತ್ರ ತೀವ್ರ, ಅದಕ್ಕೆ ನೆತ್ತಿಯ ಮೇಲೆ ಗೆರೆ.

ಸ ಮತ್ತು ಪ ಕೀಗಳಿಗೆ ಶಿಫ್ಟಿನಲ್ಲಿ ಜಾಗ ಖಾಲಿ ಉಳಿಯಿತು. ಅಲ್ಲಿ ಹಾಡಿನ ಎಳೆತದ ಗೆರೆ ಹಾಕೋಣ, ಅನುಕೂಲ ಎಂದೆ. ಮಾಸ್ತರರು ಒಪ್ಪಲೇ ಇಲ್ಲ. ಷಡ್ಜ, ಪಂಚಮ ಅಲುಗಾಡದ ಸ್ವರಗಳು, ಶಿಫ್ಟ್ ಒತ್ತಿದರೂ ಅವು ಅವೇ ಬೀಳಬೇಕು ಎಂದರು. ಕಂಪ್ಯೂಟರಿಗೆ ಅದೆಲ್ಲ ತಿಳಿಯುವುದಿಲ್ಲ ಎಂದರೆ, “ಅದಕ್ಕ ತಿಳೀಲಿಲ್ಲಂದ್ರ ನೀ ಕಲಸು,” ಎಂದರು. ಕಲಿಸಿದೆ. ಯಾವ ಸಾಲು ಯಾವ ಸಪ್ತಕ ಎಂದು ಅವರಿಗೆ ಕಾಣಲೆಂದು ಕೀಗಳ ಮೇಲೂ ನೇಲ್ ಪಾಲಿಶಿನಿಂದ ಚುಕ್ಕಿ ಇಟ್ಟೆ. ಆ ಜೋಡಣೆಗೆ ಹೆಸರು ಕೊಡಿ ಎಂದು ಸಾಫ್ಟ್‌ವೇರ್ ಕೇಳಿದಾಗ ‘ಪೇಟಿ’ ಎಂದು ಹೊಡೆದೆ. ಕಂಪ್ಯೂಟರಿನ ಮೂಲೆಯಲ್ಲಿ ಕನ್ನಡ, ಇಂಗ್ಲಿಷ್ ಎಂದು ಬರುವ ಪಟ್ಟಿಯಲ್ಲಿ ಮೂರನೆಯದಾಗಿ ಪೇಟಿ ಬಂತು. ಅದನ್ನು ಬೆರಳಿಟ್ಟು ಓದಿ ನಕ್ಕರು. ಆ ನಗು ನನಗೆ ಈಗಲೂ…

ಇರಲಿ.

ಆಮೇಲೆ ವಾರಕ್ಕೆರಡು ದಿನ ಬಂದರು. ಬೆಳಗಿನ ಬಸ್ಸಿಗೆ ಬಂದು ಕೀಬೋರ್ಡನ್ನು ಮೊದಲು ಬೋರಲು ಹಾಕಿ ತಟ್ಟುವುದು. ಧೂಳು ಕೂತರೆ ಪೇಟಿಯೂ ಕೆಡುತ್ತದೆ, ಇದೂ ಕೆಡುತ್ತದೆ ಎನ್ನುವುದು. ಆಮೇಲೆ ಕಣ್ಣು ಮುಚ್ಚಿ, ಗಂಟಲೊಳಗೇ ಗುನುಗುತ್ತ, ತೋರುಬೆರಳಿನಿಂದ ಒಂದೊಂದೇ ಒತ್ತುವುದು. ಪೇಟಿ ನುಡಿಸಲು ಲಯ ಬೇಕು, ಬೆರಳು ಓಡಬೇಕು. ಇದಕ್ಕೆ ಅವಸರವಿಲ್ಲ. ನಡುಗುವ ಬೆರಳು ಕೀಯ ಮೇಲೆ ಎಷ್ಟು ಹೊತ್ತು ತೇಲಿದರೂ ಯಾರೂ ಕೇಳುವುದಿಲ್ಲ. ತಪ್ಪಿದರೆ ಅಳಿಸಿದರಾಯಿತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಾ ಎಂದು ಒಮ್ಮೆ ಕೇಳಿದ್ದೆ. “ನಡುಗೋ ಕೈ, ಒಡದ ದನಿ ಊರಿಗೆಲ್ಲಾ ತೋರಸಿ ನನ್ನ ಮರ್ಯಾದಿ ಕಳೀಬ್ಯಾಡ,” ಎಂದು ಕೆಂಡವಾದರು. ಮತ್ತೆ ಕೇಳಲಿಲ್ಲ.

ಒಂದೂವರೆ ವರ್ಷ ಹಿಡಿಯಿತು. ನಲವತ್ತೊಂದು ಹಾಡು. ನಮ್ಮ ಕಡೆಯ ಕಲೆಯ ಬಗ್ಗೆ ಪುಸ್ತಕ ತರುವ ಒಂದು ಸಮಿತಿ ಇತ್ತು, ಅವರು ಅಚ್ಚು ಹಾಕಿಸುತ್ತೇವೆಂದು ಒಪ್ಪಿದರು. ನಾನು ಹಾಡುಗಳ ಫೈಲನ್ನು, ನನ್ನ ಫಾಂಟನ್ನು ಒಂದು ಪೆನ್‌ಡ್ರೈವಿಗೆ ಹಾಕಿದೆ. ಜೊತೆಗೆ ಇಡೀ ಪುಸ್ತಕದ ಪ್ರಿಂಟ್ ತೆಗೆದು ದಾರ ಕಟ್ಟಿ ಕೊಟ್ಟೆ. ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ‘ಮೊದಲು ಫಾಂಟ್ ಹಾಕಿಕೊಳ್ಳಿ, ಆಮೇಲೆ ಫೈಲ್ ತೆರೆಯಿರಿ’ ಎಂದು ಬರೆದೆ. ಆ ಸಾಲನ್ನು ಯಾರೂ ಓದಲಿಲ್ಲ. ಕನ್ನಡ ಪುಸ್ತಕ ತರುವವರಿಗೆ ಒಂದು ಸಾಲು ಕನ್ನಡ ಓದಲು ಪುರಸೊತ್ತಿರಲಿಲ್ಲ!

ಒಂದು ಮಧ್ಯಾಹ್ನ ಅವರ ಕಚೇರಿಯಿಂದ ಫೋನ್ ಬಂತು. ಅಕ್ಷರದ ಪಕ್ಕ ಡಬ್ಬಿ ಡಬ್ಬಿ ಕಾಣುತ್ತಿವೆ ಎಂದರು. ಲಗ್ನದ ಸೀಸನ್ನು, ಅಂಗಡಿ ತುಂಬ ಜನ, ಮುಹೂರ್ತದ ಗಳಿಗೆ ತಪ್ಪಾಗಿ ಅಚ್ಚಾಗಿದೆ ಎಂದು ಒಬ್ಬರು ನನ್ನ ತಲೆಯ ಮೇಲೆ ನಿಂತು ಕೂಗಾಡುತ್ತಿದ್ದರು. “ಫಾಂಟ್ ಹಾಕ್ಕೊಂಡಿಲ್ರೀ ನೀವು, ಅದ್ರಾಗ ಐತಿ ನೋಡ್ರಿ,” ಎಂದು ಫೋನ್ ಇಟ್ಟುಬಿಟ್ಟೆ. ಹತ್ತು ಸೆಕೆಂಡು. ಇನ್ನೆರಡು ನಿಮಿಷ ಮಾತಾಡಿದ್ದರೆ… ಆ ಎರಡು ನಿಮಿಷ ನನ್ನ ಹತ್ತಿರ ಇರಲಿಲ್ಲ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಇತ್ತು. ನಾನು ಕೊಡಲಿಲ್ಲ.

ಕೆಲವು ದಿನದ ಮೇಲೆ ಅದೇ ಪೆನ್‌ಡ್ರೈವ್ ವಾಪಸ್ ಬಂತು. ಪುಟ ಜೋಡಿಸಿದ್ದಾರೆ, ವಿಷಯಸೂಚಿಗೆ ಪುಟದ ಸಂಖ್ಯೆ ಹಾಕಿ ಜಲ್ದಿ ಕೊಡಬೇಕಂತೆ. ನಾನು ಫೈಲನ್ನು ಮಾಸ್ತರರ ಫೋಲ್ಡರಿಗೆ ಎಳೆದೆ. ಇದೇ ಹೆಸರಿನದು ಇಲ್ಲಿ ಆಗಲೇ ಇದೆ, ಅದರ ಜಾಗಕ್ಕೆ ಇದನ್ನು ಇಡಲೇ ಎಂದು ಕಂಪ್ಯೂಟರ್ ಕೇಳಿತು. ದಿನಕ್ಕೆ ನೂರು ಸಲ ಕೇಳುತ್ತದೆ. ನೂರು ಸಲವೂ ಹೂಂ ಎನ್ನುವವರು ನಾವು. ಹೂಂ ಎಂದೆ. ಮುನ್ನುಡಿ ನೋಡಿದೆ, ವಿಷಯಸೂಚಿಗೆ ಸಂಖ್ಯೆ ತುಂಬಿದೆ, ಕಳಿಸಿದೆ. ಹಾಡುಗಳ ಪುಟದವರೆಗೆ ಕೆಳಗೆ ಇಳಿದು ನೋಡಲಿಲ್ಲ.

ಪುಸ್ತಕ ಬಿಡುಗಡೆ ಹೊಸಪೇಟೆಯಲ್ಲೇ ಆಯಿತು. ಮಾಸ್ತರರು ಗರಿಗರಿ ಧೋತರ ಉಟ್ಟು, ತಲೆಗೆ ಪಟಕ ಸುತ್ತಿ ಬಂದಿದ್ದರು. ವೇದಿಕೆಯ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಪುಸ್ತಕದ ಒಂದು ಹಾಡನ್ನು ಹಾಡಿ ತೋರಿಸಲು ಒಬ್ಬ ಸಂಗೀತದ ಟೀಚರನ್ನು ಕರೆಸಿದ್ದರು. ಆಕೆ ಪುಸ್ತಕ ಮುಂದಿಟ್ಟುಕೊಂಡು ಪೇಟಿ ಹಿಡಿದು ಶುರು ಮಾಡಿದರು. ನದಿಯ ದಂಡೆಯ ಮೇಲೆ ಕೂತು ರಾಣಿ ಅಳುವ ಹಾಡು. ಎರಡನೆಯ ಸಾಲಿಗೆ ದನಿ ಷಡ್ಜದಿಂದ ಕೆಳಗಿಳಿದು ಮಂದ್ರದ ನಿ, ದ ಮುಟ್ಟಿ ಅಲ್ಲೇ ಕುಸಿದು ಕೂರಬೇಕು. ಆಕೆಯ ದನಿ ಕೆಳಗಿಳಿಯಲಿಲ್ಲ, ಒಮ್ಮೆಗೇ ಮೇಲಕ್ಕೆ ಹಾರಿತು. ರಾಣಿ ಅಳುವುದು ಬಿಟ್ಟು ಜಗಳಕ್ಕೆ ನಿಂತಂತಾಯಿತು. ಜನರು ಚಪ್ಪಾಳೆ ತಟ್ಟಿದರು.

ಮಾಸ್ತರರು ಕುರ್ಚಿಯಲ್ಲಿ ಮುಂದೆ ಬಾಗಿದರು. “ತಂಗೀ, ಮಂದ್ರಕ್ಕ ಇಳೀಬೇಕವ್ವ ಅಲ್ಲಿ,” ಎಂದರು. ಮೈಕು ಹತ್ತಿರವಿತ್ತು, ಎಲ್ಲರಿಗೂ ಕೇಳಿಸಿತು.

ಆಕೆ ಗಾಬರಿಯಾಗಿ ಪುಸ್ತಕ ತೋರಿಸಿದರು. “ಇಲ್ಲಿ ಹಿಂಗ ಐತ್ರಿ ಅಜ್ಜಾರ. ಚುಕ್ಕಿ ಇಲ್ರಿ.”

ಪುಸ್ತಕ ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು. ಪುಟ ತಿರುಗಿಸಿದರು. ಇನ್ನೊಂದು, ಮತ್ತೊಂದು. ಹೊದಿಸಿದ ಶಾಲನ್ನು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟು, ಮೆಟ್ಟಿಲು ಹಿಡಿದುಕೊಂಡು ಕೆಳಗಿಳಿದರು. ಅವರಿಗೆ ಏನೋ ಆಯಾಸ ಎಂದು ಭಾವಿಸಿ ಮುಖ್ಯ ಅತಿಥಿಗಳು ಭಾಷಣ ಶುರು ಮಾಡಿದರು. ಮಾಸ್ತರರು ಮೂರನೆಯ ಸಾಲಿನಲ್ಲಿದ್ದ ನನ್ನ ಮುಂದೆ ಬಂದು ನಿಂತರು.

“ಯವ್ವಾ, ನನ್ನ ಚುಕ್ಕಿ ಎಲ್ಲಿ ಹೋದ್ವು?”

ಮೈಕಿನಲ್ಲಿ ಅವರ ಕಲಾಸೇವೆಯ ಬಗ್ಗೆ ಹೊಗಳಿಕೆ ಸುರಿಯುತ್ತಲೇ ಇತ್ತು.

ಮಾರನೆಯ ದಿನ ಇಬ್ಬರೂ ಸಮಿತಿಯ ಕಚೇರಿಗೆ ಹೋದೆವು. ಕಾರ್ಯದರ್ಶಿ ಚಹಾ ತರಿಸಿದರು. ತಪ್ಪಾಗಿದೆ ಎನ್ನುವ ಮುಖವೇ ಅಲ್ಲ ಅದು, ಉಪಕಾರ ಮಾಡಿದ ಮುಖ. “ಫೈಲ್ ತುಂಬಾ ಡಬ್ಬಿ ಡಬ್ಬಿ ಬಂದಿದ್ವು ನೋಡ್ರಿ. ಏನೋ ವೈರಸ್ ಇರಬೇಕು ಅಂದ್ಕೊಂಡ್ವಿ. ನಮ್ಮ ಆಪರೇಟರ್ ಭಾಳ ಶಾಣ್ಯಾ, ಒಂದ ಏಟಿಗೆ ಎಲ್ಲಾ ಕ್ಲೀನ್ ಮಾಡಿಬಿಟ್ಟ. ನಿಮಗ ಫೋನೂ ಮಾಡಿದ್ವಿ.”

ಕ್ಲೀನ್! ಆ ಮಾತು ಕೇಳಿದ ಕೂಡಲೇ ನನ್ನ ಮೈಯೆಲ್ಲ ಉರಿದುಹೋಯಿತು. ನಡುಗುವ ಒಂದು ಬೆರಳು ಒಂದೂವರೆ ವರ್ಷ ಹುಡುಕಿ ಹುಡುಕಿ ಒತ್ತಿದ್ದನ್ನು ಇವರು ಕಸ ಗುಡಿಸಿದಂತೆ ಗುಡಿಸಿ, ಅದಕ್ಕೆ ಕ್ಲೀನ್ ಎಂದು ಹೆಸರಿಟ್ಟಿದ್ದರು. ಅಡಿಗೆರೆಗಳೂ ಅದರ ಜೊತೆಗೇ ಹೋಗಿದ್ದವು. ಪ್ರಿಂಟ್ ಕೊಟ್ಟಿದ್ದೆನಲ್ಲ, ಅದಕ್ಕೆ ಹೋಲಿಸಿ ನೋಡಬಾರದಿತ್ತೇ ಎಂದು ಕೇಳಿದೆ. ದನಿ ಏರಿತ್ತು. ಕಾರ್ಯದರ್ಶಿ ಬಾಗಿಲ ಕಡೆ ನೋಡಿದರು.

“ಸಮಾಧಾನ ಮಾಡ್ಕೋರಿ ಮೇಡಂ. ಚುಕ್ಕಿ ತಾನೆ? ಹಾಡೋರಿಗೆ ಗೊತ್ತಿರತೈತಿ ಬಿಡ್ರಿ.”

ಅಲ್ಲಿಯವರೆಗೆ ಮಾಸ್ತರರು ಚಹಾದ ಲೋಟ ಮುಟ್ಟಿರಲಿಲ್ಲ. “ಗೊತ್ತಿದ್ದೋರು ಸತ್ತಾರ್ರಿ. ಅದಕ್ಕ ಬರದದ್ದು,” ಎಂದರು.

ತಿದ್ದುಪಡಿಯ ಹಾಳೆ ಅಚ್ಚು ಹಾಕಿಸಿ ಪುಸ್ತಕದ ಜೊತೆ ಇಡಿ ಎಂದೆ. ಮುಂದಿನ ಮುದ್ರಣದಲ್ಲಿ ನೋಡೋಣ ಎಂದು ಕೈ ತೊಳೆದುಕೊಂಡರು. ಹೋಗಲಿ, ನಾನು ಕೊಟ್ಟ ಪ್ರಿಂಟನ್ನಾದರೂ ಕೊಡಿ ಎಂದೆ. ಅದು ಕೆಲಸ ಮುಗಿದ ಮೇಲೆ ಹಳೆ ಪೇಪರಿನ ಜೊತೆ ರದ್ದಿಗೆ ಹೋಗಿರಬೇಕು ಎಂದರು. ಯಾರ ಕೆಲಸ ಮುಗಿದಿತ್ತೋ!

ಆದರೂ ನನಗೆ ಧೈರ್ಯವಿತ್ತು. ಅಂಗಡಿಗೆ ಹೋಗೋಣ ನಡೀರಿ ಮಾಸ್ತರ, ನನ್ನ ಕಂಪ್ಯೂಟರಿನಲ್ಲಿ ನಮ್ಮ ಫೈಲ್ ಹಾಗೇ ಇದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ಬಂದು ತೆರೆದೆ. ಸ ರಿ ಗ ಮ ನೀಟಾಗಿ ಸಾಲು ಸಾಲಾಗಿ ನಿಂತಿದ್ದವು. ಒಂದು ಚುಕ್ಕಿ ಇಲ್ಲ. ಆಗ ನೆನಪಾಯಿತು, ಪೆನ್‌ಡ್ರೈವ್ ವಾಪಸ್ ಬಂದ ದಿನ ನಾನು ಹೂಂ ಎಂದದ್ದು. ಅವರು ಅಚ್ಚಿನಲ್ಲಿ ಅಳಿಸಿದ್ದರು, ನಾನು ಮೂಲದಲ್ಲೇ ಅಳಿಸಿದ್ದೆ. ತಲೆ ಚಚ್ಚಿಕೊಂಡೆ. ಮಾಸ್ತರರಿಗೆ ಹೇಗೆ ಹೇಳಿದೆನೋ ಗೊತ್ತಿಲ್ಲ, ಹೇಳಿದೆ. ಬೈಯಲಿ ಎಂದು ಕಾದೆ. ಅವರು ನನ್ನನ್ನು ಬೈಯಲಿಲ್ಲ. ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು.

ಎರಡು ವಾರ ಬಿಟ್ಟು ಬಂದರು. ಬಗಲಲ್ಲಿ ಆ ಪುಸ್ತಕದ ಒಂದು ಪ್ರತಿ. ನಾನು ಓಡಿಹೋಗಿ ಕೀಬೋರ್ಡಿನ ಧೂಳು ಒರೆಸಿ, ಪೇಟಿ ಆರಿಸಿ, ಕುರ್ಚಿ ಎಳೆದೆ. ಮತ್ತೆ ಮೊದಲಿಂದ ಟೈಪು ಮಾಡಿ ಮಾಸ್ತರ, ಈ ಸಲ ಹತ್ತು ಕಡೆ ಇಟ್ಟುಕೊಳ್ಳುತ್ತೇನೆ ಎಂದೆ. ಅವರು ಕೀಬೋರ್ಡಿನ ಕಡೆ ನೋಡಲೂ ಇಲ್ಲ.

“ಆ ಡಬ್ಬಿ ಬ್ಯಾಡ. ಪೆನ್ ತಗೋ. ಇಂಕಿನ ಚುಕ್ಕಿ ಯಾವನೂ ಕ್ಲೀನ್ ಮಾಡಾಕ ಬರಂಗಿಲ್ಲ.”

ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಹೇಳಿದೆ. ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನನಗೆ ಅವರ ಮೇಲೂ ಸಿಟ್ಟಿದೆ, ಯಾಕೆ ಮುಚ್ಚಿಡಲಿ? ಆ ಹಟ ಬಿಟ್ಟು ಕೀಬೋರ್ಡಿಗೆ ಕೂತಿದ್ದರೆ ಕೆಲಸ ಬೇಗ ಸಾಗುತ್ತಿತ್ತು. ಬೆರಳಿಗೆ ದಾರಿ ಗೊತ್ತಿತ್ತು. ಆದರೆ ಅವರು ಎರಡು ಸಲ ನಂಬಿ ಎರಡು ಸಲ ಮೋಸಹೋಗಿದ್ದರು, ಸಮಿತಿಯನ್ನೊಮ್ಮೆ, ನನ್ನನ್ನೊಮ್ಮೆ. ಮೂರನೆಯ ಸಲ ನಂಬು ಎನ್ನಲು ನನಗೆ ಯಾವ ಬಾಯಿ?

ಹೀಗೆ ಶುರುವಾಯಿತು ಕೆಂಪು ಪೆನ್ನಿನ ಕೆಲಸ. ಅವರ ಕೈಗೆ ಸಣ್ಣ ಚುಕ್ಕಿ ಇಡಲು ಆಗುತ್ತಿರಲಿಲ್ಲ. ಅಚ್ಚಾದ ಪುಟದ ಮೇಲೆ ಅವರು ಗುನುಗುತ್ತ ಬೆರಳಿಟ್ಟು ತೋರಿಸುವುದು, ನಾನು ಚುಕ್ಕಿ, ಗೆರೆ ಇಡುವುದು. “ಕೆಳಗ… ಕೆಳಗ… ಇದು ಬ್ಯಾಡ, ಹಂಗ ಇರ್ಲಿ… ಮ್ಯಾಲ.” ಒಂದು ಹಾಡಿಗೆ ಒಂದು ಬೆಳಗು ಹಿಡಿಯುತ್ತಿತ್ತು. ನಡುವೆ ಗಿರಾಕಿ ಬಂದರೆ ಏಳಬೇಕು. ಎದ್ದು ಬಂದು ಕೂತರೆ ಅವರು ಮತ್ತೆ ಪಲ್ಲವಿಯಿಂದಲೇ ಗುನುಗಬೇಕು, ನಡುವಿನಿಂದ ಹಿಡಿಯಲು ಅವರಿಗೆ ಬರುತ್ತಿರಲಿಲ್ಲ. ಕೆಲವು ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಇವತ್ತು ಭಾಳ ಮಂದಿ ಅದಾರ್ರಿ ಮಾಸ್ತರ, ನಾಡಿದ್ದು ಬರ್ರಿ ಎಂದು ಬಾಗಿಲಿನಿಂದಲೇ ಕಳಿಸಿದ್ದೂ ಇದೆ. ಹೂಂನವ್ವ ಎಂದು ತಿರುಗಿ ಹೋಗುತ್ತಿದ್ದರು. ಕಂಪ್ಲಿಯಿಂದ ಬಸ್ಸಿಗೆ ಬಂದ ಮನುಷ್ಯ, ಒಂದು ಲೋಟ ನೀರೂ ಕುಡಿಯದೆ. ಹಾಗೆ ಎಷ್ಟು ಸಲ ಕಳಿಸಿದೆ ಎಂದು ಎಣಿಸಲು ನನಗೆ ಧೈರ್ಯವಿಲ್ಲ.

ಇಪ್ಪತ್ತೆರಡು ಹಾಡು ಮುಗಿದವು. ಇಪ್ಪತ್ತಮೂರನೆಯದು ಎಂಟು ಸಾಲಿನ ಹಾಡು. ನಾಟಕದಲ್ಲಿ ಒಬ್ಬ ಅಂಬಿಗ ದೋಣಿಯನ್ನು ದಡಕ್ಕೆ ಕಟ್ಟಿ ಮನೆಯವರನ್ನು ನೆನೆಯುವುದು. ಐದನೆಯ ಸಾಲಿನ ಕಡೆಯ ಸ್ವರಕ್ಕೆ ಕೆಳಗೆ ಒಂದು ಚುಕ್ಕಿ ಇಟ್ಟೆ. ಅವರು ಗೋಡೆಯ ಗಡಿಯಾರ ನೋಡಿದರು. ಬಸ್ಸಿನ ಹೊತ್ತಾಗಿತ್ತು. ಇನ್ನು ಮೂರೇ ಸಾಲು, ಮುಗಿಸಿಬಿಡೋಣ, ಮುಂದಿನ ಬಸ್ಸಿಗೆ ಹೋಗಿ ಎಂದು ನಾನು ಹೇಳಬಹುದಿತ್ತು. ಹೊರಗೆ ಲಗ್ನಪತ್ರಿಕೆಯವರು ಕಾಯುತ್ತಿದ್ದರು. ಹೇಳಲಿಲ್ಲ. “ಉಳದದ್ದು ಸೋಮವಾರ,” ಎಂದು ಚಪ್ಪಲಿ ಮೆಟ್ಟಿಕೊಂಡರು.

ಸೋಮವಾರ ಅವರ ತಮ್ಮನ ಮಗನ ಫೋನ್ ಬಂತು. ಬೆಳಿಗ್ಗೆ ಏಳಲೇ ಇಲ್ಲವಂತೆ.

ಆ ಪುಸ್ತಕ ನನ್ನ ಹತ್ತಿರ ಉಳಿಯಿತು. ಇಪ್ಪತ್ತೆರಡು ಹಾಡನ್ನೂ ಐದು ಸಾಲನ್ನೂ ಪೇಟಿಯಲ್ಲಿ ಟೈಪು ಮಾಡಿ, ಹತ್ತು ಕಡೆ ಇಟ್ಟುಕೊಂಡೆ. ಕಂಪ್ಯೂಟರ್ ಬದಲಾದಾಗಲೆಲ್ಲ ಹೊಸದಕ್ಕೆ ಮೊದಲು ಪೇಟಿ ಹಾಕುತ್ತೇನೆ, ಆಮೇಲೆ ಉಳಿದದ್ದು. ಸಮಿತಿಗೆ ಮೂರು ಪತ್ರ ಬರೆದೆ. ಉತ್ತರವಿಲ್ಲ. ಮುಂದಿನ ಮುದ್ರಣವೂ ಇಲ್ಲ. ಚುಕ್ಕಿ ಇಲ್ಲದ ಪುಸ್ತಕ ಮಾತ್ರ ಊರೂರಿನ ಗ್ರಂಥಾಲಯಗಳಲ್ಲಿ, ಶಾಲೆಗಳಲ್ಲಿ ಅವರ ಹೆಸರು ಹೊತ್ತುಕೊಂಡು ಕೂತಿದೆ. ಅದರಲ್ಲಿರುವುದು ಅವರ ಹಾಡಲ್ಲ. ಅದನ್ನು ನೋಡಿ ಕಲಿತವರು ಇದು ಅವರ ಧಾಟಿ ಎಂದು ಹಾಡುತ್ತಾರೆ. ಸತ್ತ ಮನುಷ್ಯನ ಬಾಯಲ್ಲಿ ಆಡದ ಮಾತು ತುರುಕುವುದು ಎಂದರೆ ಇದೇ ಅಲ್ಲವೇ?

ಕಮಲಾಪುರದ ಟೀಚರು ತಂದ ಜೆರಾಕ್ಸ್ ಹಾಳೆಯಲ್ಲಿ ಇದ್ದದ್ದು ಅದೇ ಅಂಬಿಗನ ಹಾಡು. ನಲವತ್ತೊಂದು ಹಾಡಿನಲ್ಲಿ ಅವರಿಗೆ ಬೇಕಾದದ್ದು ಅದೊಂದೇ!

ಮಧ್ಯಾಹ್ನ ಬಾಗಿಲು ಅರ್ಧ ಎಳೆದು ಕೂತೆ. ಹಳೆಯ ಕೀಬೋರ್ಡಿನ ಪಿನ್ನು ಈಗಿನ ಕಂಪ್ಯೂಟರಿಗೆ ಕೂರುವುದಿಲ್ಲ. ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಹೊಸದರಲ್ಲೇ ಪೇಟಿ ಆರಿಸಿ ಹೊಡೆದೆ. ಐದು ಸಾಲು ಸರಾಗವಾಗಿ ಬಂತು. ಆರನೆಯ ಸಾಲಿನ ಮೊದಲ ಸ್ವರ ನಿ. ಕೆಳಗಿನ ಸಾಲಿನ ಎಂ ಒತ್ತಿದರೆ ಅಂಬಿಗ ನೀರಿಗೆ ಬಾಗುತ್ತಾನೆ, ನಡುವಿನ ಸಾಲಿನ ಜೆ ಒತ್ತಿದರೆ ತಲೆ ಎತ್ತುತ್ತಾನೆ. ಸಂಗೀತ ಬಲ್ಲವರನ್ನು ಕೇಳಿದರೆ ಹೀಗಿರಬಹುದು ಎಂದು ಊಹಿಸಿ ಹೇಳಿಯಾರು. ನನಗೆ ಊಹೆ ಬೇಡ. ಬೆರಳು ಎರಡು ಕೀಗಳ ನಡುವೆ ಎಷ್ಟೋ ಹೊತ್ತು ನಿಂತಿತು. ಆ ಸ್ಟೂಲಿನ ಕಡೆಯಿಂದ ಕೆಳಗ ಎಂದೋ, ಬ್ಯಾಡ ಎಂದೋ ಯಾರೂ ಹೇಳಲಿಲ್ಲ… ಐದು ಸಾಲನ್ನೇ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದೆ.

ಸಂಜೆ ಟೀಚರು ಬಂದು ಹಾಳೆ ಬಿಡಿಸಿ ನೋಡಿದರು. “ಈ ಚುಕ್ಕಿ ಎಲ್ಲಾ ಯಾಕ ಹಾಕೀರಿ? ನಮ್ಮ ಹಾಳಿಯಾಗ ಇರಲಿಲ್ಲಲ್ರಿ. ಮತ್ತ ಅರ್ಧಕ್ಕ ನಿಂತೈತಿ?”

ಚುಕ್ಕಿ ಯಾಕೆ ಎಂದು ಹೇಳಿದೆ. ಮಾಸ್ತರರ ವಿಷಯವೂ ಹೇಳಿದೆ, ಬಹುಶಃ ಸ್ವಲ್ಪ ಗಟ್ಟಿಯಾಗಿಯೇ. ಅವರು ಪಾಪ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, ಮಕ್ಕಳು ಆಗಲೇ ಎಂಟೂ ಸಾಲು ಕಲಿತಿದ್ದಾರೆ, ಉಳಿದ ಮೂರನ್ನು ಚುಕ್ಕಿ ಇಲ್ಲದೆಯೇ ಹಾಕಿಕೊಡಿ, ಏನೋ ಒಂದು ಹಾಡುತ್ತಾರೆ ಎಂದರು.

“ಇಲ್ರಿ,” ಎಂದೆ.

“ಹಾಡು ಪೂರಾ ಆಗಬೇಕಲ್ರಿ ಮೇಡಂ?”

“ಐದು ಸಾಲು ಹಾಡ್ಲಿ. ಆಮ್ಯಾಲ ಸುಮ್ನ ನಿಂದರ್ಲಿ. ಅವರೂ ಅಲ್ಲಿಗೇ ಎದ್ದು ಹೋದ್ರು.”

ಟೀಚರು ನಾನು ಕೊಟ್ಟ ಹಾಳೆಯನ್ನೂ ತಮ್ಮ ಜೆರಾಕ್ಸನ್ನೂ ಒಟ್ಟಿಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಕಮಲಾಪುರದ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಎರಡರಲ್ಲಿ ಯಾವುದನ್ನು ಗೋಡೆಗೆ ಅಂಟಿಸುತ್ತಾರೋ ಗೊತ್ತಿಲ್ಲ. ಕೀಬೋರ್ಡನ್ನು ಮತ್ತೆ ಅಟ್ಟಕ್ಕೆ ಏರಿಸಲು ಮನಸ್ಸಾಗಲಿಲ್ಲ. ಟೇಬಲ್ಲಿನ ಮೇಲೇ ಇದೆ. ಅದರಿಂದ ಉದುರಿದ ಕೆಂಪು ಧೂಳನ್ನು ಇನ್ನೂ ಒರೆಸಿಲ್ಲ.